ಹೊಟ್ಟೆಯ ಗಾಯಕ್ಕೆ ಏಳು ಅಕ್ಷರ

ಈ ಕಡೆ ಬಂದು ಬಹಳ ದಿನವಾಯ್ತು. ಕಾರಣ ಕೇಳಿದರೆ ನಗುತ್ತೀರಿ, ಎರಡು ತಿಂಗಳಿಂದ ಅಮೆರಿಕಾದವರ ಹೊಟ್ಟೆಯ ಗಾಯಗಳ ಜೊತೆ ಏಗುತ್ತಿದ್ದೇನೆ :-)

ನಮ್ಮ ಟೀಮಿನದು ಅಲ್ಲಿನ ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಡಾಕ್ಟರು ಬರೆದದ್ದನ್ನು ಕೋಡರುಗಳು ಓದಿ ಐಸಿಡಿ-10-ಸಿಎಂ ಪಟ್ಟಿಯಿಂದ ಕೋಡ್ ಹಾಕುತ್ತಾರೆ, ಅದನ್ನು ನೋಡಿ ವಿಮೆಯವರು ದುಡ್ಡು ಕೊಡುತ್ತಾರೆ. 2015ರ ಅಕ್ಟೋಬರ್ 1ರಿಂದ ಅಲ್ಲಿ ಇದೇ ಪದ್ಧತಿ. ಉದಾಹರಣೆಗೆ ಎಸ್31.113ಎ. ಹೊಟ್ಟೆಯ ಗೋಡೆಗೆ ಸೀಳು ಗಾಯ, ಒಳಪೊರೆ ದಾಟಿಲ್ಲ, ಒಳಗೆ ಚೂರು-ಪಾರು ಉಳಿದಿಲ್ಲ, ಜಾಗ ಬಲಗಡೆ ಕೆಳಭಾಗ. ಕೊನೆಯ 'ಎ' ಅಂದರೆ ಗಾಯಕ್ಕೆ ಚಿಕಿತ್ಸೆ ಇನ್ನೂ ನಡೆಯುತ್ತಿದೆ ಅಂತ. (ಮೊದಲ ಭೇಟಿ ಅಂತ ಬಹಳ ಜನ ತಿಳಿದಿದ್ದಾರೆ, ಅದಲ್ಲ.) ಹಸು ಗುದ್ದಿದರೆ ಅದಕ್ಕೂ ಒಂದು ಕೋಡ್ ಇದೆ, ಡಬ್ಲ್ಯೂ55.22!

ಇದೇ ಗಾಯ ಪೆರಿಟೋನಿಯಂ ಎಂಬ ಒಳಪೊರೆ ಹರಿದು ಒಳಗೆ ಹೋಗಿದ್ದರೆ ಎಸ್31.613ಎ. ಒಂದೇ ಅಂಕಿಯ ವ್ಯತ್ಯಾಸ. ಆದರೆ ಆಗ ಕರುಳಿಗೆ, ಲಿವರಿಗೆ ಏನಾದರೂ ಆಗಿದೆಯಾ ಅಂತ ನೋಡಲೇಬೇಕು, ಆಗಿದ್ದರೆ ಅದಕ್ಕೆ ಎಸ್36ರಲ್ಲಿ ಬೇರೆ ಕೋಡ್.

ಈಗ ತಕರಾರಿಗೆ ಬರೋಣ. ಡಾಕ್ಟರು "ಹೊಟ್ಟೆಗೆ ಗಾಯ, ಹೊಲಿಗೆ ಹಾಕಿದೆ" ಅಂತಷ್ಟೇ ಬರೆದರೆ? ಕೋಡಿನ ಪುಸ್ತಕದ ಸೂಚಿಯೇ 'ಒಳಪೊರೆ ದಾಟಿಲ್ಲ' ಎನ್ನುವ ಕಡೆ ಕೈ ತೋರಿಸುತ್ತದೆ. ಹಾಗಾಗಿ ನಮಗೆ ಬಂದ ರಿಕ್ವೈರ್‌ಮೆಂಟು ಏನಪ್ಪಾ ಅಂದರೆ, ಸುಮ್ಮನೆ ಡಾಕ್ಟರನ್ನು ಕೇಳಿ ಬಿಲ್ಲು ತಡ ಮಾಡುವುದು ಬೇಡ, ಸಾಫ್ಟ್‌ವೇರೇ ಹಾಗೆ ತುಂಬಿಕೊಳ್ಳಲಿ. ನಿಯಮದ ಪ್ರಕಾರ ತಪ್ಪೇನಿಲ್ಲ. ಆದರೆ "ನೋಡಿದೆ, ದಾಟಿಲ್ಲ" ಎನ್ನುವುದಕ್ಕೂ "ಯಾರೂ ಬರೆದಿಲ್ಲ" ಎನ್ನುವುದಕ್ಕೂ ಕೋಡ್ ಒಂದೇ ಆಗಿಬಿಡುತ್ತದಲ್ಲ? ಮುಂದೆ ಓದುವವನಿಗೆ ಹೇಗೆ ಗೊತ್ತಾಗಬೇಕು?

ನನಗೆ ಇಷ್ಟು ಚಡಪಡಿಕೆ ಯಾಕೆಂದರೆ, ನಮ್ಮ ಚಿಕ್ಕಪ್ಪನ ಹೊಟ್ಟೆಯ ಮೇಲೆ ಗೇಣುದ್ದದ ಕಲೆ ಇದೆ. ಹಾವೇರಿ ಕಡೆ ದೀಪಾವಳಿಯ ಹೋರಿ ಬೆದರಿಸುವ ಹಬ್ಬದಲ್ಲಿ ಕೊಂಬು ತಗುಲಿದ್ದು. ವರ್ಷಗಳ ನಂತರ ಅದೇ ಜಾಗದಲ್ಲಿ ಹರ್ನಿಯಾ ಉಬ್ಬಿತು. "ಆವಾಗ ಒಳಪೊರೆ ಹರಿದಿತ್ತಾ, ಕರುಳು ಹೊಲಿದಿದ್ದರಾ?" ಅಂತ ಸರ್ಜನ್ ಕೇಳಿದರು. ಚಿಕ್ಕಮ್ಮ ಟ್ರಂಕಿನಿಂದ ಹಳೇ ಚೀಟಿ ತೆಗೆದು ಕೊಟ್ಟರು. ಅದರಲ್ಲಿ ಇದ್ದದ್ದು ಎರಡೇ ಸಾಲು: ಹೊಟ್ಟೆಗೆ ಗಾಯ, ಹೊಲಿಗೆ ಹಾಕಿದೆ. "ನಂಗೇನ್ ಗೊತ್ರೀ ಡಾಕ್ಟ್ರೇ, ನಾ ಎಚ್ಚರಾನೇ ಇರ್ಲಿಲ್ಲ" ಅಂದರಂತೆ ಚಿಕ್ಕಪ್ಪ. ಕೊನೆಗೆ ಸ್ಕ್ಯಾನ್ ಮಾಡಿಸಿ, ಒಳಗೆ ಏನಿದೆಯೋ ಅಂತ ಭಯದಲ್ಲೇ ಆಪರೇಷನ್ ಆಯ್ತು. ಈಗ ಗಟ್ಟಿಮುಟ್ಟಾಗಿದ್ದಾರೆ, ಹೋರಿ ಹುಚ್ಚು ಮಾತ್ರ ಬಿಟ್ಟಿಲ್ಲ!

ಡಾಕ್ಟರು ಬರೆಯುವ ಪರದೆಯಲ್ಲೇ ಒಂದು ಪ್ರಶ್ನೆ, ಮೂರು ಉತ್ತರ ಇಡೋಣ ಅಂತ ಮೇಲ್ ಹಾಕಿದ್ದೇನೆ: ದಾಟಿದೆ, ದಾಟಿಲ್ಲ, ಪರೀಕ್ಷಿಸಿಲ್ಲ. "ಡಾಕ್ಟರುಗಳಿಗೆ ಇನ್ನೊಂದು ಕ್ಲಿಕ್ಕಾ?" ಅಂತ ಉತ್ತರ ಬಂದಿದೆ. ಇವತ್ತು ರಾತ್ರಿ ಒಂಬತ್ತೂವರೆಗೆ ಅವರ ಜೊತೆ ಕಾಲ್ ಇದೆ. ಊಟ ಮುಗಿಸಿ ಕೂರಬೇಕು.