ಬಾವುಟಗುಡ್ಡೆಯ ಊರಿನಿಂದ

ಮಂಗಳೂರು,
ನವೆಂಬರ್ 2

ತೀರ್ಥರೂಪ ಸಮಾನರಾದ ಅಣ್ಣನವರಿಗೆ,

ಮಡಿಕೇರಿಯನ್ನು ದಾಟಿ, ಸಂಪಾಜೆಯ ತಿರುವುಗಳನ್ನಿಳಿದು, ಸುಳ್ಯ, ಪುತ್ತೂರು, ಪಾಣೆಮಂಗಳೂರುಗಳ ಅಡಕೆತೋಟಗಳ ನಡುವೆ ಸಾಗಿ ಬಂದ ಬಸ್ಸು ನನ್ನನ್ನು ಮೊನ್ನೆ ಸಂಜೆ ಇಲ್ಲಿಗೆ ತಲುಪಿಸಿತು. ದಾರಿಯ ಚೆಲುವನ್ನು ಬರೆಯತೊಡಗಿದರೆ ಪತ್ರವೆಲ್ಲ ಅದಕ್ಕೇ ಸಾಲದಾಗುವುದಾದರೂ, ನಾನು ಸುಖಾಸೀನನಾಗಿ ಬಂದ ಆ ದಾರಿಯನ್ನೇ ಬಹುಮಟ್ಟಿಗೆ ಹಿಡಿದು 1837ರಲ್ಲಿ ಸಾವಿರಾರು ರೈತರು ಕಂಪನಿ ಸರಕಾರದ ಮೇಲೆ ನಡೆದು ಬಂದಿದ್ದರೆಂಬುದನ್ನು ಇಲ್ಲಿಗೆ ಬಂದಮೇಲೆ ತಿಳಿದು, ಆ ತೋಟ ಗದ್ದೆಗಳನ್ನು ಇನ್ನೊಮ್ಮೆ ಕಣ್ಣುತುಂಬ ನೋಡಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿದೆ.

ಊರಿನ ನಡುವೆ ಒಂದು ಗುಡ್ಡವಿದೆ. ಆಂಗ್ಲರು ಅದಕ್ಕೆ ದೀಪಸ್ತಂಭದ ಹೆಸರನ್ನಿಟ್ಟರು. ಊರವರಿಗೆ ಅದು ಬಾವುಟಗುಡ್ಡೆ. ಮೇಲೆ ನಿಂತರೆ ತೆಂಗಿನ ತಲೆಗಳ ಆಚೆ ಸಮುದ್ರ ಕಾಣುವುದು. ಆ ರೈತರ ನಡಿಗೆ ಮುಟ್ಟಿದುದು ಈ ಗುಡ್ಡವನ್ನೇ. 1834ರಲ್ಲಿ ಕೊಡಗಿನ ಅರಸನನ್ನು ಪದಚ್ಯುತಗೊಳಿಸಿದ ಕಂಪನಿಯು ಅಮರಸುಳ್ಯ, ಪುತ್ತೂರುಗಳ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಿ, ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದು ನಾಣ್ಯದಲ್ಲಿಯೇ ತರಬೇಕೆಂದು ವಿಧಿಸಿದಾಗ, ಮನೆಯಲ್ಲಿ ಭತ್ತವಿದ್ದರೂ ಕೈಯಲ್ಲಿ ಕಾಸಿಲ್ಲದ ರೈತನು ವ್ಯಾಪಾರಿ ಕೇಳಿದ ಬೆಲೆಗೆ ಬೆಳೆಯನ್ನು ಒಪ್ಪಿಸಬೇಕಾಯಿತು. ಉಪ್ಪು, ಹೊಗೆಸೊಪ್ಪುಗಳ ಮೇಲಣ ಸರಕಾರದ ಏಕಸ್ವಾಮ್ಯವೂ ಅದಕ್ಕೆ ಕೂಡಿತು. ಕಲ್ಯಾಣಸ್ವಾಮಿಯೆಂಬ ಹೆಸರಿನ ನಾಯಕನನ್ನು ಮುಂದಿಟ್ಟುಕೊಂಡು, ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ನೇತೃತ್ವದಲ್ಲಿ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕು, ಈ ಗುಡ್ಡದ ಮೇಲೆ ತನ್ನ ಬಾವುಟವನ್ನೇರಿಸಿತು. ಸುಮಾರು ಎರಡು ವಾರಗಳ ಕಾಲ ಈ ಪಟ್ಟಣ ಪರಕೀಯರ ಕೈಯಲ್ಲಿರಲಿಲ್ಲ. ಆಮೇಲೆ ಕಣ್ಣಾನೂರಿನಿಂದ ಸೈನ್ಯ ಬಂದಿತು. ಸೆರೆಸಿಕ್ಕ ಮುಂದಾಳುಗಳಿಗೆ ಬಿಕರ್ನಕಟ್ಟೆಯಲ್ಲಿ ನೇಣಾಯಿತು. ಇನ್ನೊಬ್ಬ ಮುಂದಾಳಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದನ್ನು ಜನ ನೆನಪಿಟ್ಟುಕೊಂಡು ಬಂದ ಹೆಸರು ಯಾವುದು ಬಲ್ಲಿರಾ, ಅಣ್ಣಾ? ‘ಕಲ್ಯಾಣಪ್ಪನ ಕಾಟಕಾಯಿ’ ಎಂದು. ಕಾಟಕಾಯಿಯೆಂದರೆ ಲೂಟಿ, ದಾಂಧಲೆ. ಗೆದ್ದವರ ದಫ್ತರಗಳಲ್ಲಿ ದಂಗೆಯೆಂದು ಬರೆದುದು ಸೋತವರ ಮೊಮ್ಮಕ್ಕಳ ಬಾಯಲ್ಲಿಯೂ ಲೂಟಿಯೆಂದೇ ನಿಂತಿತೆಂಬುದನ್ನು ಕೇಳಿ ನನ್ನ ಮನಸ್ಸು ಬಹಳ ನೊಂದಿತು. ನೆಲವನ್ನು ಕಳೆದುಕೊಳ್ಳುವುದಕ್ಕಿಂತಲೂ ನಮ್ಮ ಹಿರಿಯರ ಕೃತ್ಯಕ್ಕೆ ನಾವೇ ಹೆಸರಿಡುವ ಅಧಿಕಾರವನ್ನು ಕಳೆದುಕೊಳ್ಳುವುದು ಹೆಚ್ಚಿನ ಪಾರತಂತ್ರ್ಯವೆಂದು ನನಗೆ ತೋರುತ್ತದೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ನಾನು ನೋಡುತ್ತಿದ್ದಂತೆ ತಂದೆಯ ಬೆರಳು ಹಿಡಿದು ಬಂದ ಪುಟ್ಟ ಹುಡುಗನೊಬ್ಬ ತುಳುವಿನಲ್ಲಿ ‘ಮೇರ್ ಏರ್?’, ಇವರು ಯಾರು ಎಂದು ಕೇಳಿದ. ಆ ತಂದೆ ಪೀಠದ ಬಳಿ ಬಗ್ಗಿ, ಹೆಸರನ್ನು ಓದಿ, ಮಗನಿಗೆ ನಿಧಾನವಾಗಿ ಕಥೆ ಹೇಳಿದರು. ನನಗೆ ತುಳು ಬಾರದು. ಆದರೂ ಆ ಮಾತುಗಳ ನಡುವೆ ಕಾಟಕಾಯಿಯೆಂಬ ಶಬ್ದ ಒಮ್ಮೆಯೂ ಕೇಳಿಬರಲಿಲ್ಲ.

ಮೈಸೂರಿನವರಾದ ನಮಗೆ ಇಲ್ಲಿಯ ಜನರ ಕಷ್ಟ ಬೇಗನೆ ಅರ್ಥವಾಗದು. ನಮ್ಮಲ್ಲಿ ಪರಮಾಧಿಕಾರ ಆಂಗ್ಲರದಾಗಿದ್ದರೂ ಅರಮನೆ ಕಣ್ಣೆದುರಿಗಿತ್ತು. 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ತಂದೆಯವರು ವಿದ್ಯಾರ್ಥಿದೆಸೆಯಲ್ಲಿ ಪಾಲ್ಗೊಂಡ 1947ರ ಮೈಸೂರು ಚಲೋ ಚಳವಳಿಯಲ್ಲಿಯೂ ಜನರು ಕೇಳಿದುದನ್ನು ಕೊಡಬೇಕಾದವರು ಅದೇ ಊರಿನಲ್ಲಿದ್ದರು. ಈ ಜಿಲ್ಲೆಯಾದರೋ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಂದಿನಿಂದ ಕಂಪನಿಯದು. ಥಾಮಸ್ ಮನ್ರೋ ಇಲ್ಲಿಯ ಮೊದಲ ಕಲೆಕ್ಟರು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಟ್ಟು ದಕ್ಷಿಣವನ್ನು ಮದರಾಸಿಗೆ ಉಳಿಸಿಕೊಂಡ ಬಳಿಕ, ಒಂದೇ ಕರಾವಳಿಯ ಜನ ಎರಡು ದೂರದ ರಾಜಧಾನಿಗಳಿಗೆ ಅರ್ಜಿ ಬರೆದುಕೊಳ್ಳಬೇಕಾಯಿತು. 1907ರಲ್ಲಿ ರೈಲು ಬರುವವರೆಗೆ ಇಲ್ಲಿಂದ ಮದರಾಸಿಗೆ ಹೋಗುವುದೆಂದರೆ ಸಣ್ಣ ಕಾಶೀಯಾತ್ರೆ. ನಿರ್ಣಯವು ಲಂಡನ್ನಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಮುದ್ರೆಯೊತ್ತಿಸಿಕೊಂಡು, ಬೆಳ್ಳಾರೆಯ ಗದ್ದೆಯ ಬದುವಿಗೆ ಬರುವಷ್ಟರಲ್ಲಿ ಅದರಲ್ಲಿ ರೈತನ ಮುಖವನ್ನು ಕಂಡವರ ಗುರುತೊಂದೂ ಉಳಿದಿರುತ್ತಿರಲಿಲ್ಲ. ಪರಾಡಳಿತವೆಂಬುದು ಮೊದಲಿಗೆ ಈ ದೂರವೇ ಎಂಬ ಭಾವನೆ ಇಲ್ಲಿ ನನ್ನಲ್ಲಿ ಬಲಿಯಿತು. ಸ್ವರಾಜ್ಯವೆಂದರೆ ಆ ದೂರವನ್ನು ಮೊಳಮೊಳವಾಗಿ ಕಡಿಮೆ ಮಾಡುತ್ತ ಬಂದ ದುಡಿಮೆ.

ಆ ದುಡಿಮೆಯಲ್ಲಿ ಮನೆಯನ್ನೇ ಕಳೆದುಕೊಂಡವರೊಬ್ಬರ ಹೆಸರನ್ನು ಇಲ್ಲಿ ಎಲ್ಲರೂ ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಹಂಪನಕಟ್ಟೆಯ ಬಳಿಯ ಕೆ. ಎಸ್. ರಾವ್ ರಸ್ತೆ ಅಂಗಡಿಗಳಿಂದ ತುಂಬಿದ ಬೀದಿ. ನನ್ನನ್ನು ಅಲ್ಲಿಗೆ ಕರೆದೊಯ್ದ ರಿಕ್ಷಾದ ತರುಣನಿಗೆ ಅದು ಕಾರ್ನಾಡ್ ಸದಾಶಿವರಾಯರ ಹೆಸರೆಂದು ತಿಳಿದಿರಲಿಲ್ಲ. ನಾನು ಹೇಳಿದಾಗ ಗಾಡಿಯನ್ನು ಬದಿಗೆ ನಿಲ್ಲಿಸಿ ಪೂರ್ತಿಯಾಗಿ ಕೇಳಿಸಿಕೊಂಡ. 1881ರಲ್ಲಿ ಸಿರಿವಂತ ಮನೆತನದಲ್ಲಿ ಜನಿಸಿ, ವಕೀಲಿ ಓದಿ, ಗಾಂಧೀಜಿಯ ಕರೆಗೆ ಓಗೊಟ್ಟು, ವೃತ್ತಿಯನ್ನೂ ಆಸ್ತಿಯನ್ನೂ ಚಳವಳಿಗೆ ಸುರಿದು, ಸೆರೆಮನೆಯಿಂದ ಸೆರೆಮನೆಗೆ ನಡೆದು, ಕಡೆಗೆ ಬಡತನದಲ್ಲಿ 1937ರ ಜನವರಿಯಲ್ಲಿ ಮುಂಬಯಿಯಲ್ಲಿ ಕಣ್ಮುಚ್ಚಿದ ಆ ಮಹನೀಯರು ಸ್ವತಂತ್ರ ಭಾರತವನ್ನು ಕಾಣಲಿಲ್ಲ. ಬೆಂಗಳೂರಿನ ಸದಾಶಿವನಗರವೂ ಅವರ ಹೆಸರಿನದೇ.

ರಸ್ತೆಯಿಂದ ತುಸು ದೂರದಲ್ಲಿ, 1920ರ ಆಗಸ್ಟಿನಲ್ಲಿ ಗಾಂಧೀಜಿಯೂ ಶೌಕತ್ ಅಲಿಯವರೂ ಜನರನ್ನುದ್ದೇಶಿಸಿ ಮಾತನಾಡಿದ ಮೈದಾನವಿದೆ. ಅದರ ಮಗ್ಗುಲಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರು. 1897ರಲ್ಲಿ ದಲಿತವರ್ಗಗಳ ಉದ್ಧಾರಕ್ಕಾಗಿ ಸಂಸ್ಥೆ ಕಟ್ಟಿ, ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನು ಸಹಿಸಿದ ಆ ಬ್ರಾಹ್ಮಣ ವಕೀಲರ ಒಂದು ಹಾರೈಕೆಯನ್ನು ಇಲ್ಲಿ ಈಗಲೂ ಹೇಳುತ್ತಾರೆ: ತಮ್ಮ ಶಾಲೆಯಲ್ಲಿ ಕಲಿತ ದಲಿತ ಬಾಲಕನೊಬ್ಬ ದೊಡ್ಡ ಉದ್ಯೋಗಕ್ಕೇರಿ, ಊರ ಬೀದಿಯಲ್ಲಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ. ಲಂಡನ್ನಿನ ದೂರವನ್ನು ಕಳೆಯುವುದು ಕಷ್ಟವಾಗಿದ್ದಿತು, ನಿಜ. ಒಂದೇ ಬೀದಿಯ ಎರಡು ಕೇರಿಗಳ ನಡುವಿನ ದೂರವನ್ನು ಕಳೆಯುವುದು ಅದಕ್ಕಿಂತ ಕಷ್ಟವೆಂದು ರಂಗರಾಯರು ಅರಿತಿದ್ದರು, ಮತ್ತು ಅದನ್ನೇ ಮೊದಲು ಕೈಗೆತ್ತಿಕೊಂಡರು.

ಡೊಂಗರಕೇರಿಯ ಕೆನರಾ ಹೈಸ್ಕೂಲಿನ ಗೇಟಿನ ಮುಂದೆಯೂ ನಿಂತು ಬಂದೆನು. 1891ರಲ್ಲಿ ಈ ಶಾಲೆಯನ್ನು ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳೇ 1906ರಲ್ಲಿ ಇಂದಿನ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನೂ ಆರಂಭಿಸಿದವರು. ಇಲ್ಲಿ ಓದಿ ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗನಾಗಿ ತೇರ್ಗಡೆಯಾದ ಬಾಲಕನೊಬ್ಬ, ಬೆನಗಲ್ ನರಸಿಂಗ ರಾವ್, 1946ರಲ್ಲಿ ನಮ್ಮ ಸಂವಿಧಾನ ಸಭೆಯ ಸಲಹೆಗಾರನಾದನು. ಬರ್ಮಾ ದೇಶದ ಸಂವಿಧಾನಕ್ಕೂ ನೆರವಾದ ಆ ಧೀಮಂತರು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದ ಮೊದಲ ಕರಡನ್ನೇ ಆಧಾರವಾಗಿಟ್ಟುಕೊಂಡು ಅಂಬೇಡ್ಕರರ ಸಮಿತಿ ಕೆಲಸ ಮಾಡಿತು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರು ಆ ಋಣವನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಂಡರು. ಎಲ್ಲಿಂದಲೋ ಬಂದ ಕಾಯಿದೆಗೆ ತಲೆಬಾಗಿದ ಊರಿನಿಂದಲೇ ದೇಶಕ್ಕೆಲ್ಲ ಕಾಯಿದೆಯ ಕರಡು ಬರೆಯುವ ಕೈ ಹೊರಟಿತೆಂಬುದನ್ನು ನೆನೆದು ನನಗೆ ರೋಮಾಂಚವಾಯಿತು.

ನಿನ್ನೆ ರಾಜ್ಯೋತ್ಸವ. ಬೆಳಗ್ಗೆ ಮೆರವಣಿಗೆಯನ್ನು ನೋಡುತ್ತ ನಿಂತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು ಮಾತಿಗೆ ಸಿಕ್ಕಿದರು. ಮಂಜೇಶ್ವರದ ಕಡೆಯ ಕನ್ನಡ ಶಾಲೆಯೊಂದರ ಅಧ್ಯಾಪಿಕೆ, ತಲಪಾಡಿಯ ಗಡಿ ದಾಟಿ ಮೊದಲ ಬಸ್ಸಿಗೆ ಬಂದವರು. 1956ರ ನವೆಂಬರ್ 1ರಂದು ಈ ಜಿಲ್ಲೆ ಮದರಾಸನ್ನು ಬಿಟ್ಟು ನಮ್ಮೊಡನೆ ಸೇರಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಇತ್ತ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಮದರಾಸು ಸರಕಾರ ರಾಷ್ಟ್ರಕವಿಯೆಂದು ಗೌರವಿಸಿದ ಗೋವಿಂದ ಪೈಗಳು ಆ ಮಂಜೇಶ್ವರದವರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬುವವರೆಗೂ ಅದೇ ನೋವನ್ನು ಹೊತ್ತು ಬಾಳಿದರು. ಆ ಅಧ್ಯಾಪಿಕೆ ದೂರು ಹೇಳಲಿಲ್ಲ. ನೆರೆಯ ನುಡಿಯ ಮೇಲೆ ತಮಗೆ ದ್ವೇಷವಿಲ್ಲ, ಮಕ್ಕಳು ಅದನ್ನೂ ಸಂತೋಷದಿಂದ ಕಲಿಯುತ್ತಾರೆ ಎಂದರು. ಆದರೆ ಕಚೇರಿಯಿಂದ ಬಂದ ಕಾಗದವನ್ನು ಓದಿಸಿಕೊಳ್ಳಲು ಮುದುಕರು ಶಾಲೆಯ ಜಗಲಿಗೆ ಬರುತ್ತಾರಂತೆ. ಪಾಠ ಮುಗಿಸಿ ಇವರು ಒಂದೊಂದನ್ನೇ ಕನ್ನಡದಲ್ಲಿ ಹೇಳಿ ಕಳುಹಿಸುತ್ತಾರಂತೆ. ನನಗೆ ಆ ಜಗಲಿ ಕಣ್ಣಿಗೆ ಕಟ್ಟಿತು. ಕಳೆಯಬೇಕಾದ ದೂರ ಅಲ್ಲಿ ಇನ್ನೂ ಉಳಿದಿದೆ.

ತಮ್ಮಲ್ಲಿ ಒಂದು ವಿಜ್ಞಾಪನೆ. ತಂದೆಯವರ ಬೀರುವಿನ ಕೆಳಗಣ ಎರಡು ಅರೆಗಳಲ್ಲಿ ನಾವು ಚಿಕ್ಕಂದಿನಲ್ಲಿ ಓದಿದ ಕನ್ನಡ ಪುಸ್ತಕಗಳಿವೆ. ನಮ್ಮ ಮಕ್ಕಳು ದೊಡ್ಡವರಾದರು, ಅವನ್ನು ತೆಗೆಯುವವರಿಲ್ಲ. ಗೆದ್ದಲು ಹಿಡಿದವನ್ನು ಬಿಟ್ಟು ಉಳಿದವಕ್ಕೆ ಹೊಸ ರಟ್ಟು ಹಾಕಿಸಿ, ಗಟ್ಟಿಯಾಗಿ ಕಟ್ಟಿ, ಈ ಪತ್ರದೊಡನೆ ಇಟ್ಟಿರುವ ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿಕೊಡಿ. ಶಾಲೆಯಲ್ಲಿ ಮಕ್ಕಳು ಐವತ್ತಕ್ಕೂ ಹೆಚ್ಚು ಇದ್ದಾರೆಂದು ಆ ತಾಯಿ ಹೇಳಿದರು. ಆದ್ದರಿಂದ ಒಂದನ್ನೂ ನನಗಾಗಿ ಉಳಿಸಬೇಡಿ.

ಇತಿ ತಮ್ಮ ಪ್ರೀತಿಯ
ತಮ್ಮ