ಗಂಟು ಬಿಡಿಸಿ ನೋಡಿ

ಯುಗಾದಿಗೆ ಚಿಗುರಿದ ಹೊಂಗೆ ಎಲೆಗಳ ತುಂಬ ಈಗ ಗಂಟುಗಳೆದ್ದಿವೆ. ಹಸಿರು ಬೆರಳುಗಳಂತೆ ಚಾಚಿಕೊಂಡ ಇವನ್ನು ಕಂಡರೆ ನನಗೆ ಕಾಲೇ ಮುಂದೆ ಹೋಗುವುದಿಲ್ಲ. ಎಲೆ ಎಳೆಯದಾಗಿದ್ದಾಗಲೇ ಸೇರಿಕೊಂಡ ಒಂದು ಅಣುಜೀವ, ಮರದ ಕೈಯಿಂದಲೇ ಮನೆ ಕಟ್ಟಿಸಿಕೊಂಡು, ಅದರ ಗೋಡೆಯನ್ನೇ ಉಣ್ಣುತ್ತದೆ. ಎಲೆ ಬಲಿತ ಮೇಲೆ ಈ ಕೆಲಸ ಸಾಗದು.

ಗಂಟು ನೋಡುವ ಹವ್ಯಾಸಿಗಳೊಡನೆ ನನ್ನ ಜಗಳ ಒಂದೇ. ಅವರು ಬಿಡಿಸಿ ನೋಡುವುದಿಲ್ಲ. ಮೊಬೈಲಿನಲ್ಲಿ ಫೋಟೊ ಹೊಡೆದು, 'ಕಣಜದ ಗಂಟು' ಎಂದು ಹೆಸರಿಟ್ಟು ಮುಂದೆ ಹೋಗುತ್ತಾರೆ. ಹೊಂಗೆಯ ಈ ಗಂಟಿಗೆ ಕಾರಣ ಕಣಜವಲ್ಲ, ಕೀಟವೂ ಅಲ್ಲ. ಜೇಡದ ಬಳಗಕ್ಕೆ ಸೇರಿದ ನುಸಿ. ಹೊಸ ಬ್ಲೇಡಿನಿಂದ ಗಂಟನ್ನು ಉದ್ದಕ್ಕೆ ಸೀಳಿ. ಕಪ್ಪು ಕಾಗದದ ಮೇಲಿಟ್ಟು, ಬೆಳಕು ಪಕ್ಕದಿಂದ ಬೀಳುವಂತೆ ತಿರುಗಿಸಿ, ಹತ್ತುಪಟ್ಟಿನ ಲೆನ್ಸು ಹಿಡಿಯಿರಿ. ಒಳಗೋಡೆಯ ಮೇಲೆ ಮಸುಕು ಚುಕ್ಕೆಗಳು ಮೆಲ್ಲಗೆ ಸರಿದಾಡುತ್ತವೆ. ಒಂದೊಂದರ ಉದ್ದ ಸುಮಾರು 0.2 ಮಿಲಿಮೀಟರ್. ಸೂಕ್ಷ್ಮದರ್ಶಕ ಸಿಕ್ಕರೆ ನೀಳ ಮೈ, ತಲೆಯ ಬಳಿ ನಾಲ್ಕೇ ಕಾಲು ಕಾಣುತ್ತವೆ. ಇಷ್ಟು ಸೊಗಸನ್ನು ಕೈಯಲ್ಲಿಟ್ಟುಕೊಂಡು ಹೊರಗಿನ ಸಿಪ್ಪೆ ನೋಡಿ ತೀರ್ಪು ಕೊಡುವವರನ್ನು ಏನೆನ್ನಲಿ?

ಮಾವಿನ ಎಲೆಯ ನರಹುಲಿಯಂಥ ಗಂಟುಗಳದ್ದು ಬೇರೆ ಕಥೆ. ಅಲ್ಲಿರುವುದು ಪುಟ್ಟ ನೊಣವೊಂದರ ಮರಿಹುಳು. ಎಲೆಯನ್ನು ಬಾಟಲಿಯಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿಟ್ಟರೆ ಒಮ್ಮೊಮ್ಮೆ ನೊಣದ ಬದಲು ಕಣಜ ಹೊರಬರುತ್ತದೆ. ಅದು ಮನೆ ಕಟ್ಟಿಸಿದ್ದಲ್ಲ, ಮನೆಯೊಡೆಯನನ್ನು ತಿಂದು ಬೆಳೆದದ್ದು. ಹೊರಬಂದದ್ದನ್ನೇ ಒಡೆಯನೆಂದು ಬರೆದಿಡುವುದು ತಪ್ಪು ಮಾತ್ರವಲ್ಲ, ಅಪಾಯ. ಆ ಬರಹ ನಂಬಿದವರು ಔಷಧಿ ಹೊಡೆದು, ಮರಕ್ಕೆ ನೆರವಾಗುವ ಕಣಜವನ್ನೇ ಕೊಲ್ಲುತ್ತಾರೆ. ಕಣಜವೇ ಗಂಟು ಕಟ್ಟಿಸುವುದೂ ಉಂಟು, ಇಲ್ಲವೆನ್ನುತ್ತಿಲ್ಲ. ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಎಲೆ, ತೊಟ್ಟುಗಳನ್ನು ಊದಿಸಿ ಬೆಳೆಗಾರರನ್ನು ಕಂಗೆಡಿಸಿದ್ದು ಕಣಜವೇ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು 2004ರಲ್ಲಿ. ಆದ್ದರಿಂದಲೇ ಹೇಳುತ್ತೇನೆ, ಊಹೆ ಸಾಲದು.

ಗ್ರಂಧಿಗೆ ಅಂಗಡಿಯ ಮಾಚಿಕಾಯಿಯೂ ಇಂಥದೇ ಗಂಟು. ಪಶ್ಚಿಮ ಏಷ್ಯಾದ ಓಕ್ ಮರದ ಮೇಲೆ ಕಣಜ ಕಟ್ಟಿಸಿದ್ದು; ಹೆಸರಿಗೆ ಕಾಯಿ, ಒಳಗೆ ಬೀಜವಿಲ್ಲ. ಇದರ ಒಗರಿಗೆ ಕಬ್ಬಿಣದ ಲವಣ ಬೆರೆಸಿದ ಕಪ್ಪು ಮಸಿಯಲ್ಲಿ ಯುರೋಪು ಶತಮಾನಗಟ್ಟಲೆ ಬರೆಯಿತು. ಮೇಲೆ ದುಂಡನೆಯ ತೂತಿದ್ದರೆ ಕಣಜ ಹಾರಿಹೋಗಿದೆ ಎಂದರ್ಥ. ತೂತಿಲ್ಲದ್ದರಲ್ಲಿ ಒಗರು ಹೆಚ್ಚು. ಮುಂದಿನ ಸಲ ಕೊಂಡಾಗ ಅಂಥದೊಂದನ್ನು ಒಡೆದು ನೋಡಿ.