ಗ್ರೀನ್‌ವಿಚ್ಚಿನ ಗೆರೆಯ ಮೇಲೆ

ವಾರದ ಐದು ದಿನ ಲಂಡನ್ ದುಡಿಮೆಯ ನಗರ. ಉಳಿದೆರಡು ದಿನ ಮಾತ್ರ ಅದು ಸಂಸಾರಿಗಳ ಊರು. ಮೈಸೂರಿನಿಂದ ಬಂದು ನೆಲೆಸಿದ ಒಂದು ಯುವ ಕುಟುಂಬಕ್ಕೂ ಅದು ಹಾಗೆಯೇ ಆಗಿತ್ತು. ತಂದೆತಾಯಿಗಳಿಬ್ಬರೂ ಕಚೇರಿಗೆ, ಆರು ವರ್ಷದ ಮಗಳು ಶಾಲೆಗೆ. ಮಗುವಿನ ಬಾಯಲ್ಲಿ ಕನ್ನಡ ದಿನೇ ದಿನೇ ತೆಳುವಾಗುತ್ತಿತ್ತು. ದೂರವಾಣಿಯಲ್ಲಿ ಅಜ್ಜಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಾಗ, ಅತ್ತ ಅಜ್ಜಿ ಸುಮ್ಮನಾಗಿಬಿಡುತ್ತಿದ್ದರು.

ಚಳಿಗಾಲದ ಒಂದು ಶನಿವಾರ ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಮೂವರೂ ವೆಸ್ಟ್‌ಮಿನ್‌ಸ್ಟರಿನಲ್ಲಿ ದೋಣಿ ಹತ್ತಿದರು. ಥೇಮ್ಸ್ ನದಿಯಲ್ಲಿ ಸಾಗಿದ ದೋಣಿ ಟವರ್ ಸೇತುವೆಯಡಿ ಹಾದು ಗ್ರೀನ್‌ವಿಚ್ಚನ್ನು ಮುಟ್ಟಿತು. ಚೀನಾದ ಚಹಾ ತರಲೆಂದು 1869ರಲ್ಲಿ ಕಟ್ಟಿದ ‘ಕಟಿ ಸಾರ್ಕ್’ ಹಡಗು ದಡದ ಬಳಿಯೇ ನಿಂತಿದೆ. ಉದ್ಯಾನದ ಗುಡ್ಡವೇರಿದರೆ 1675ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯ. ಅಲ್ಲಿ ಹಾಯುವ ರೇಖಾಂಶವನ್ನೇ 1884ರಲ್ಲಿ ವಾಷಿಂಗ್ಟನ್ನಿನ ಸಮ್ಮೇಳನವು ಜಗತ್ತಿನ ಸೊನ್ನೆಯ ರೇಖೆಯೆಂದು ಒಪ್ಪಿತು.

ಮಗಳು ಗೆರೆಯ ಆಚೆಗೊಂದು, ಈಚೆಗೊಂದು ಕಾಲಿಟ್ಟು ನಿಂತಳು. ತಂದೆ ಪೂರ್ವಕ್ಕೆ ಕೈ ತೋರಿದರು: ಹದಿನೈದು ಡಿಗ್ರಿಗೆ ಒಂದು ಗಂಟೆ, ಭಾರತದ ಕಾಲ 82.5 ಡಿಗ್ರಿಯದು, ಆದ್ದರಿಂದ ಅಜ್ಜಿಯ ಗಡಿಯಾರ ಐದೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಇಲ್ಲಿಯವರು ಗಡಿಯಾರ ತಿರುಗಿಸುವುದರಿಂದ ಅದು ನಾಲ್ಕೂವರೆಯಾಗುತ್ತದೆ.

ಆಗ ಮಧ್ಯಾಹ್ನ ಒಂದು ಗಂಟೆ. ಮಗು ಬೆರಳು ಮಡಿಸಿ ಎಣಿಸಿತು. ಮೈಸೂರಿನಲ್ಲಿ ಸಂಜೆ ಆರೂವರೆ! ತಾಯಿಯ ಕೈಯಿಂದ ದೂರವಾಣಿ ಕಸಿದುಕೊಂಡಿತು.

“ಅಜ್ಜೀ, ದೇವರ ದೀಪ ಹಚ್ಚಿದೆಯಾ?”

ಅತ್ತಲಿಂದ ಕ್ಷಣಕಾಲ ಮಾತಿಲ್ಲ. ಅನಂತರ ಧ್ವನಿ ಬಂತು: “ಈಗ ತಾನೇ ಹಚ್ಚಿದೆ, ಪುಟ್ಟಿ. ಇನ್ನೊಂದು ಸಲ ಕೇಳು.”